ಓವರ್‌ಡ್ರೈವ್ ಗೇರ್‌ಬಾಕ್ಸ್‌ನ ಥ್ರಾಟಲ್ ಲಿಂಕೇಜ್: ಗೇಜ್ ಹಾಕಿ ಹೊಂದಿಸುವ ಕ್ರಮ

ಫೋರ್ಡ್ ಸಂಸ್ಥೆ 1980ರ ಮಾದರಿಯ ಕಾರುಗಳಲ್ಲಿ ಮೊದಲು ಅಳವಡಿಸಿದ ಎಒಡಿ (ಆಟೊಮ್ಯಾಟಿಕ್ ಓವರ್‌ಡ್ರೈವ್) ಎಂಬ ನಾಲ್ಕು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಕಂಪ್ಯೂಟರ್ ನಿಯಂತ್ರಣವಿಲ್ಲ. ಎಂಜಿನ್ ಮೇಲೆ ಎಷ್ಟು ಹೊರೆ ಬಿದ್ದಿದೆ ಎಂಬುದು ಅದಕ್ಕೆ ತಿಳಿಯುವುದು ಕಾರ್ಬುರೇಟರ್ ಅಥವಾ ಥ್ರಾಟಲ್ ಬಾಡಿಯಿಂದ (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗದಿಂದ) ಇಳಿದುಬರುವ ಒಂದು ಸರಳು ಅಥವಾ ಕೇಬಲ್ಲಿನ (ಇದೇ ಥ್ರಾಟಲ್ ಲಿಂಕೇಜ್) ಮೂಲಕ ಮಾತ್ರ. ಅದು ಗೇರ್‌ಬಾಕ್ಸ್‌ನ ಒಳಗಿನ ಥ್ರಾಟಲ್ ವಾಲ್ವನ್ನು ಸರಿಸುತ್ತದೆ; ಅಲ್ಲಿ ಹುಟ್ಟುವ ಎಣ್ಣೆಯ ಒತ್ತಡವನ್ನು ಮೆಕ್ಯಾನಿಕ್‌ಗಳು ಟಿ.ವಿ. (ಥ್ರಾಟಲ್ ವಾಲ್ವ್) ಒತ್ತಡ ಎನ್ನುತ್ತಾರೆ.

ಗೇರ್ ಯಾವ ವೇಗದಲ್ಲಿ ಬದಲಾಗಬೇಕು ಎಂಬುದನ್ನು ನಿರ್ಧರಿಸುವುದಷ್ಟೇ ಈ ಒತ್ತಡದ ಕೆಲಸವೆಂದು ಹಲವರು ಭಾವಿಸುತ್ತಾರೆ. ಆದರೆ ಕ್ಲಚ್‌ಗಳನ್ನೂ ಬ್ಯಾಂಡ್‌ಗಳನ್ನೂ (ಒಳಗಿನ ಡ್ರಮ್ಮುಗಳನ್ನು ಸುತ್ತಿ ಹಿಡಿಯುವ ಪಟ್ಟಿಗಳು) ಬಿಗಿಹಿಡಿಯುವ ಮುಖ್ಯ ಒತ್ತಡ ಏರುವುದೂ ಇದರಿಂದಲೇ. ಟಿ.ವಿ. ಒತ್ತಡ ಕಡಿಮೆಯಿದ್ದರೆ ಗೇರುಗಳು ಬೇಗ ಬೇಗ, ಬಹಳ ಮೃದುವಾಗಿ ಬದಲಾಗುತ್ತವೆ. ಚಾಲಕರಿಗೆ ಇದು ಹಿತವೆನಿಸಿದರೂ ಒಳಗೆ ಕ್ಲಚ್ ಜಾರುತ್ತಾ ಸುಡುತ್ತಿರುತ್ತದೆ. ನಾಲ್ಕನೆಯ ಗೇರಿನಲ್ಲಿ ಎಂಜಿನ್ನಿನ ಬಲ ಟಾರ್ಕ್ ಕನ್ವರ್ಟರಿನ (ಎಂಜಿನ್ನನ್ನು ಗೇರ್‌ಬಾಕ್ಸ್‌ಗೆ ಎಣ್ಣೆಯ ಮೂಲಕ ಕೂಡಿಸುವ ಭಾಗದ) ದ್ರವದ ಮೂಲಕ ಹಾಯದೆ ನೇರ ಶಾಫ್ಟಿನಲ್ಲಿ ಬರುವುದರಿಂದ, ಅಲ್ಲಿ ಹಿಡಿತ ಸಡಿಲವಾಗುವುದು ಇನ್ನೂ ಅಪಾಯಕರ. ಒತ್ತಡ ಹೆಚ್ಚಾದರೆ ಗೇರುಗಳು ತಡವಾಗಿ, ಜಗ್ಗಿದಂತೆ ಬದಲಾಗುತ್ತವೆ. ಆದ್ದರಿಂದ ಈ ಲಿಂಕೇಜನ್ನು ಓಡಿಸಿ ನೋಡಿದ ಅನುಭವದ ಮೇಲೆ ಹೊಂದಿಸದೆ ಪ್ರೆಶರ್ ಗೇಜ್ ಹಾಕಿಯೇ ಹೊಂದಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಸುತ್ತಲಿನ ಸಂಗತಿಗಳನ್ನು ಸರಿಪಡಿಸಿಕೊಳ್ಳಿ. ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಎಣ್ಣೆಯ ಮಟ್ಟ ಸರಿಯಿರಬೇಕು, ಎಂಜಿನ್ನೂ ಗೇರ್‌ಬಾಕ್ಸೂ ಚೆನ್ನಾಗಿ ಬಿಸಿಯಾಗಿರಬೇಕು, ಚೋಕ್ ಪೂರ್ತಿ ಬಿಟ್ಟಿರಬೇಕು, ಐಡ್ಲಿಂಗ್ ವೇಗ (ಪೆಡಲ್ ಒತ್ತದಿರುವಾಗ ಎಂಜಿನ್ ತಿರುಗುವ ವೇಗ) ತಯಾರಕರು ಹೇಳಿದಷ್ಟಿರಬೇಕು. ಎಂಜಿನ್ ನಿಲ್ಲಿಸಿ, ಆ್ಯಕ್ಸಿಲರೇಟರ್ ಪೆಡಲನ್ನು ನೆಲಕ್ಕೆ ಒತ್ತಿದಾಗ ಥ್ರಾಟಲ್ ಪೂರ್ಣವಾಗಿ ತೆರೆಯುತ್ತದೆಯೇ ಎಂದು ನೋಡಿಕೊಳ್ಳಿ. ಕೇಬಲ್ಲಿನ ತುದಿಯನ್ನು ಥ್ರಾಟಲ್ ಲೀವರಿಗೆ ಕೂಡಿಸುವ ಪ್ಲಾಸ್ಟಿಕ್ ಬುಶ್ ಚಿಕ್ಕ ವಸ್ತುವಾದರೂ, ಅದು ಸವೆದಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ಸಂದೇಹವಿದ್ದರೆ ಹೊಸದನ್ನೇ ಹಾಕಿ.

ಕಾರ್ಬುರೇಟರ್ ಇರುವ, ಸರಳಿನ ಲಿಂಕೇಜಿನ ಕಾರಿನಲ್ಲಿ ಮೊದಲ ಹಂತದ ಹೊಂದಾಣಿಕೆಯನ್ನು ಎಂಜಿನ್ ನಿಲ್ಲಿಸಿಯೇ ಮಾಡಬಹುದು. ಥ್ರಾಟಲ್ ಐಡ್ಲಿಂಗ್ ಸ್ಥಾನದಲ್ಲಿರುವಾಗ, ಕಾರ್ಬುರೇಟರ್ ಬಳಿಯ ಲಿಂಕೇಜ್ ಲೀವರಿನಲ್ಲಿರುವ ಹೊಂದಾಣಿಕೆ ಸ್ಕ್ರೂವನ್ನು, ಅದರ ತುದಿ ಲೀವರಿನ ಮುಖಕ್ಕೆ ಸಮನಾಗುವವರೆಗೆ ಹಿಂದಕ್ಕೆ ತಿರುಗಿಸಿ. ಬಳಿಕ ಸ್ಕ್ರೂವಿನ ತುದಿಗೂ ಥ್ರಾಟಲ್ ಲೀವರಿಗೂ ನಡುವೆ ಬರೆಯುವ ಕಾಗದದ ಒಂದು ಹಾಳೆ ಬಿಗಿಯಾಗಿ ಕೂರುವಷ್ಟು ಒಳಕ್ಕೆ ತಿರುಗಿಸಿ, ಅಲ್ಲಿಂದ ಇನ್ನೂ 3 ಸುತ್ತು ಕೊಡಿ. ಸ್ಕ್ರೂ ಅಷ್ಟು ಹೋಗದಿದ್ದರೆ, ಕೆಳಗೆ ಗೇರ್‌ಬಾಕ್ಸ್ ತುದಿಯಲ್ಲಿ ಸರಳನ್ನು ಹಿಡಿದಿರುವ ಜಾರುವ ತುಂಡಿನ ಬೋಲ್ಟನ್ನು ಸಡಿಲಿಸಿ, ತುಕ್ಕು ತೆಗೆದು, ಸರಳಿನ ಉದ್ದವನ್ನೇ ಹೊಸದಾಗಿ ಹೊಂದಿಸಬೇಕಾಗುತ್ತದೆ.

ಇನ್ನು ಮುಖ್ಯವಾದ ಅಳತೆ. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಹ್ಯಾಂಡ್‌ಬ್ರೇಕ್ ಎಳೆಯಿರಿ. ಕಾರಿನ ಅಡಿಗೆ ಹೋಗಬೇಕಾದರೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಮಾತ್ರ ಎತ್ತಿ ನಿಲ್ಲಿಸಿ, ಜ್ಯಾಕನ್ನು ನಂಬಬೇಡಿ. ಆ ಮಾದರಿಯ ಕೈಪಿಡಿಯಲ್ಲಿ ತೋರಿಸಿರುವ ಟಿ.ವಿ. ಕಿಂಡಿಯ ಮುಚ್ಚಳ ಬಿಚ್ಚಿ, 100 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ವರೆಗೆ ಅಳೆಯುವ ಗೇಜನ್ನು ಉದ್ದದ ಮೆದುಕೊಳವೆಯ ಮೂಲಕ ಜೋಡಿಸಿ, ಬಿಸಿ ಸೈಲೆನ್ಸರ್ ಕೊಳವೆಗೆ ತಾಗದಂತೆ ಹೊರಗೆ ತನ್ನಿ. ಎಂಜಿನ್ ಚಾಲೂ ಮಾಡಿ ಗೇರನ್ನು ನ್ಯೂಟ್ರಲ್‌ನಲ್ಲಿಡಿ, ಪಾರ್ಕ್‌ನಲ್ಲಿಟ್ಟು ಅಳೆಯಬಾರದು. ಐಡ್ಲಿಂಗ್‌ನಲ್ಲಿ ಮುಳ್ಳು ಸೊನ್ನೆಯ ಹತ್ತಿರ, ಹೆಚ್ಚೆಂದರೆ 5 ಪಿಎಸ್‌ಐ ಒಳಗೆ ಇರಬೇಕು.

ಅನಂತರ 0.397 ಇಂಚು, ಅಂದರೆ ಸುಮಾರು 10 ಮಿಲಿಮೀಟರ್ ದಪ್ಪದ ಅಳತೆತುಂಡು ಬೇಕು. ಸರಳಿನ ಲಿಂಕೇಜಿನಲ್ಲಿ ಅದನ್ನು ಹೊಂದಾಣಿಕೆ ಸ್ಕ್ರೂವಿಗೂ ಥ್ರಾಟಲ್ ಲೀವರಿಗೂ ನಡುವೆ ಇಡಬೇಕು. ಕೇಬಲ್ ಇರುವಲ್ಲಿ ಕೇಬಲ್ ತುದಿಯ ಲೋಹದ ಗುಂಡಿಗೂ ಪ್ಲಾಸ್ಟಿಕ್ ಹಿಡಿಕೆಗೂ ನಡುವೆ ತೂರಿಸಬೇಕು. ಆಗ ಗೇಜ್ 30ರಿಂದ 40 ಪಿಎಸ್‌ಐ ನಡುವೆ ತೋರಿಸಬೇಕು. 33ರ ಆಸುಪಾಸಿನಲ್ಲಿದ್ದರೆ ಅತ್ಯುತ್ತಮ. ಕಡಿಮೆಯಿದ್ದರೆ ಸ್ಕ್ರೂವನ್ನು ಒಳಕ್ಕೆ ತಿರುಗಿಸಿ, ಹೆಚ್ಚಿದ್ದರೆ ಹೊರಕ್ಕೆ. ಕೇಬಲ್ಲಿನಲ್ಲಾದರೆ ಬೀಗದ ಪಟ್ಟಿಯನ್ನು ಮೇಲೆತ್ತಿ, ಜಾರುವ ಭಾಗವನ್ನು ಥ್ರಾಟಲ್ ಲೀವರಿನಿಂದ ದೂರ ಸರಿಸಿದರೆ ಒತ್ತಡ ಏರುತ್ತದೆ, ಹತ್ತಿರ ತಂದರೆ ಇಳಿಯುತ್ತದೆ. ಬೀಗ ಒತ್ತಿದ ಮೇಲೆ ಅಳತೆತುಂಡನ್ನು ತೆಗೆದು, ಮುಳ್ಳು ಮತ್ತೆ ಸೊನ್ನೆಯ ಬಳಿಗೆ ಬಂತೇ ಎಂದು ನೋಡುವುದನ್ನು ಮರೆಯಬಾರದು. ಬಾರದಿದ್ದರೆ ಲಿಂಕೇಜ್ ಎಲ್ಲೋ ಸಿಕ್ಕಿಕೊಳ್ಳುತ್ತಿದೆ ಎಂದೇ ಅರ್ಥ. ಸ್ಕ್ರೂ ತಿರುಗಿಸುವುದನ್ನು ಬಿಟ್ಟು ಅದನ್ನು ಹುಡುಕಿ.

ಜನರಲ್ ಮೋಟರ್ಸ್‌ನ 700ಆರ್4 ಗೇರ್‌ಬಾಕ್ಸ್‌ನ ಕ್ರಮ ಬೇರೆ. ಎಂಜಿನ್ ನಿಲ್ಲಿಸಿ, ಕೇಬಲ್ಲಿನ ಗುಂಡಿ ಒತ್ತಿಹಿಡಿದು, ಜಾರುವ ಭಾಗವನ್ನು ಥ್ರಾಟಲ್ ಲೀವರಿನಿಂದ ದೂರಕ್ಕೆ, ತಡೆಯುವವರೆಗೂ ತಳ್ಳಬೇಕು. ಗುಂಡಿ ಬಿಟ್ಟು ಥ್ರಾಟಲ್ ಲೀವರನ್ನು ಕೈಯಿಂದಲೇ ಪೂರ್ತಿ ತೆರೆದರೆ ಕೇಬಲ್ ಟಿಕ್ ಟಿಕ್ ಎನ್ನುತ್ತಾ ತನ್ನ ಸ್ಥಾನಕ್ಕೆ ಬರುತ್ತದೆ. ಕಾರ್ಬುರೇಟರನ್ನು ಬೇರೆ ಬಗೆಯದಕ್ಕೆ ಬದಲಾಯಿಸಿದ್ದರೆ ಮಾತ್ರ ಇಷ್ಟು ಸಾಲದು. ಕೇಬಲ್ ಸಿಕ್ಕಿಸುವ ಬಿಂದು ಥ್ರಾಟಲ್ ಅಕ್ಷದಿಂದ ಎಷ್ಟು ದೂರದಲ್ಲಿದೆ, ಯಾವ ಕೋನದಲ್ಲಿದೆ ಎಂಬುದು ಹೊಂದದಿದ್ದರೆ, ಪೂರ್ಣ ಥ್ರಾಟಲ್‌ನಲ್ಲಿ ಸರಿಯಿದ್ದ ಕೇಬಲ್ ಅರ್ಧ ಥ್ರಾಟಲ್‌ನಲ್ಲಿ ತಪ್ಪು ಒತ್ತಡ ಕೊಡುತ್ತದೆ. ಅದಕ್ಕೆಂದೇ ತಯಾರಾದ ಬ್ರಾಕೆಟ್ ಬೇಕು.

ಗೇಜ್ ತೆಗೆದು ಮುಚ್ಚಳ ಬಿಗಿದು, ಎಣ್ಣೆ ಸೋರುತ್ತಿಲ್ಲವೆಂದು ಖಚಿತವಾದ ಮೇಲೆ ರಸ್ತೆಗೆ ಒಯ್ಯಿರಿ. ಹಗುರ ಥ್ರಾಟಲ್‌ನಲ್ಲಿ ಗೇರುಗಳು ಸ್ಪಷ್ಟವಾಗಿ ಬದಲಾಗಬೇಕು, ಪೆಡಲ್ ಪೂರ್ತಿ ಒತ್ತಿದಾಗ ಗೇರ್ ಕೆಳಗಿಳಿಯಬೇಕು. ಬದಲಾವಣೆಯ ವೇಳೆ ಎಂಜಿನ್ ಸದ್ದು ಏಕಾಏಕಿ ಏರಿ ಆಮೇಲೆ ಗೇರ್ ಹಿಡಿದರೆ, ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ ಒತ್ತಡವನ್ನು ಮತ್ತೆ ಅಳೆಯಿರಿ. ಮುಂದೆ ಯಾವಾಗ ಐಡ್ಲಿಂಗ್ ವೇಗ ಬದಲಿಸಿದರೂ ಥ್ರಾಟಲ್ ಲೀವರಿನ ಸ್ಥಾನ ಸರಿಯುವುದರಿಂದ, ಆಗಲೂ ಇದೇ ಅಳತೆಯನ್ನು ಇನ್ನೊಮ್ಮೆ ತೆಗೆದುಕೊಳ್ಳಬೇಕು.