ವಾಚ್ ಎದೆಬಡಿತದ ಎಚ್ಚರಿಕೆ ಕೊಟ್ಟರೆ ಏನು ಮಾಡಬೇಕು?

ಲಾಲ್‌ಬಾಗ್‌ನಲ್ಲಿ ವಾಕಿಂಗ್ ಮುಗಿಸಿ ಕೂತವರ ಮಾತು ಮೊದಲೆಲ್ಲ ಮೊಣಕಾಲು, ಸಕ್ಕರೆ ಕಾಯಿಲೆ ಇಷ್ಟೇ. ಈಗ ‘ನನ್ ವಾಚಲ್ಲಿ 140 ತೋರಿಸ್ತು ಕಣ್ರೀ’ ಅನ್ನುವುದೂ ಸೇರಿದೆ. ಹೋದ ತಿಂಗಳು ನಮ್ಮಪ್ಪನ ಸರದಿ. ಬಂಡೆ ಹತ್ತುವಾಗ 150 ಬಂತು, ಮನೆಯವರಿಗೆಲ್ಲ ಗಾಬರಿ. ನೋಡಿದರೆ ವಾಚಿನ ಪಟ್ಟಿ ಬಳೆಯ ಹಾಗೆ ಜೋತಾಡುತ್ತಿತ್ತು!

ಹಾಗಾಗಿ ಮೊದಲ ಕೆಲಸ, ಪಟ್ಟಿ ಬಿಗಿ ಮಾಡಿ. ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ ಕಟ್ಟಿ. ವಾಚಿನ ಹಿಂಬದಿಯ ಹಸಿರು ದೀಪ ನೋಡಿರುತ್ತೀರಿ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೃದಯ ಒಮ್ಮೆ ಬಡಿದಾಗ ಚರ್ಮದಡಿ ರಕ್ತ ಹೆಚ್ಚುತ್ತದೆ, ವಾಪಸ್ ಬರುವ ಬೆಳಕು ಕಡಿಮೆಯಾಗುತ್ತದೆ. ವಾಚ್ ಎಣಿಸುವುದು ಈ ಏರಿಳಿತವನ್ನೇ. ಪಟ್ಟಿ ಸಡಿಲವಾದರೆ ಹೆಜ್ಜೆಯ ಕುಲುಕಾಟವನ್ನೇ ಬಡಿತ ಅಂದುಕೊಳ್ಳಬಹುದು.

ಎರಡನೆಯದು, ಎಚ್ಚರಿಕೆ ಯಾವುದು ಅಂತ ಓದಿ. ‘ಬಡಿತ ಜಾಸ್ತಿ’ ಅನ್ನುವುದು ಬೇರೆ, ‘ಬಡಿತದ ಲಯ ತಪ್ಪಿದೆ’ ಅನ್ನುವುದು ಬೇರೆ. ಸಂಶೋಧಕರಿಗೆ ಆಸಕ್ತಿ ಇರುವುದು ಎರಡನೆಯದರಲ್ಲಿ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆಯಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯದೆ ನಡುಗುತ್ತವೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ ಹೊಡೆಯಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು ಆಪಲ್ ವಾಚ್ ಕಟ್ಟಿದ 4,19,297 ಜನರನ್ನು ಗಮನಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಚ್ಚರಿಕೆ ಬಂದದ್ದು ಶೇ 0.52 ಮಂದಿಗೆ ಮಾತ್ರ. ಅವರಲ್ಲಿ ಆಮೇಲೆ ಬಡಿತ ದಾಖಲಿಸುವ ಪ್ಯಾಚನ್ನು ಎದೆಗೆ ಅಂಟಿಸಿಕೊಂಡು ವಾಪಸ್ ಕೊಟ್ಟವರು 450 ಜನ. ಶೇ 34 ಮಂದಿಯಲ್ಲಿ ತೊಂದರೆ ಕಂಡಿತು. ಉಳಿದವರದ್ದೆಲ್ಲ ಸುಳ್ಳು ಎಚ್ಚರಿಕೆ ಅಂತಲ್ಲ. ಈ ತೊಂದರೆ ನೆಂಟರ ಹಾಗೆ, ಬಂದು ಹೋಗಿ ಮಾಡುತ್ತದೆ. ಪ್ಯಾಚ್ ಹಾಕಿದ ವಾರ ಬರದೇ ಇರಬಹುದು.

‘ಹಿಡಿಯಬಹುದೇ?’ ಅನ್ನುವ ಪ್ರಶ್ನೆ ಈಗ ಹಳೆಯದಾಯಿತು. ‘ಹಿಡಿದರೆ ಲಾಭವೇನು?’ ಅನ್ನುವುದೇ ಹೊಸ ಪ್ರಶ್ನೆ. ಡೆನ್ಮಾರ್ಕ್‌ನಲ್ಲಿ 70 ದಾಟಿದ ಸುಮಾರು 6,000 ಜನರನ್ನು ತೆಗೆದುಕೊಂಡು, ಕೆಲವರ ಚರ್ಮದಡಿಯೇ ಪುಟ್ಟ ಯಂತ್ರ ಇಟ್ಟು ವರ್ಷಗಟ್ಟಲೆ ಕಾದರು. ಏಟ್ರಿಯಲ್ ಫಿಬ್ರಿಲೇಷನ್ ಪತ್ತೆ ಹೆಚ್ಚುಕಡಿಮೆ ಮೂರು ಪಟ್ಟಾಯಿತು. ಲಕ್ವ ಮಾತ್ರ ಖಚಿತವಾಗಿ ಹೇಳುವಷ್ಟು ತಗ್ಗಲಿಲ್ಲ. 2021ರ ಈ ಫಲಿತಾಂಶ ನನಗಂತೂ ಕಣ್ಣು ತೆರೆಸಿತು. ವಾಚ್ ಹೇಳಿತು ಅಂತ, ಹೆಪ್ಪುಗಟ್ಟದಂತೆ ರಕ್ತ ತೆಳು ಮಾಡುವ ಮಾತ್ರೆ ಸುಮ್ನೆ ನುಂಗಬಾರದು, ಅಲ್ವಾ?

ಲಯ ತಪ್ಪಿದೆ ಎಂದಿದ್ದರೆ ಐದು ನಿಮಿಷ ಕುಳಿತುಕೊಳ್ಳಿ. ವಾಚಿನಲ್ಲಿ ಇಸಿಜಿ ಸೌಲಭ್ಯ ಇದ್ದರೆ ಕೈಯನ್ನು ಮೇಜಿನ ಮೇಲಿಟ್ಟು, ಇನ್ನೊಂದು ಕೈಯ ಬೆರಳನ್ನು ವಾಚಿನ ಗುಂಡಿಗೆ ತಾಗಿಸಿ. 30 ಸೆಕೆಂಡ್ ಅಲ್ಲಾಡಬೇಡಿ, ಮಾತಾಡಬೇಡಿ. ಬಂದ ಇಸಿಜಿಯನ್ನು ಪಿಡಿಎಫ್ ಮಾಡಿ ಉಳಿಸಿ. ಆಗ ಏನು ಮಾಡುತ್ತಿದ್ದಿರಿ, ಎಷ್ಟನೇ ಕಾಫಿ, ತಲೆಸುತ್ತು ಇತ್ತೇ, ಎರಡು ಸಾಲು ಬರೆದಿಡಿ.

ಎದೆ ನೋವು, ಬೆವರು, ಎಡಗೈ ಸೆಳೆತ ಇದ್ದರೆ ಮಾತ್ರ ಇದ್ಯಾವುದೂ ಬೇಡ. 108ಕ್ಕೆ ಫೋನ್ ಮಾಡಿ. ವಾಚಿನ ಇಸಿಜಿ ಹೃದಯವನ್ನು ಒಂದೇ ದಿಕ್ಕಿನಿಂದ ನೋಡುತ್ತದೆ, ಆಸ್ಪತ್ರೆಯದು ಹನ್ನೆರಡು ಕಡೆಯಿಂದ. ಹೃದಯಾಘಾತವನ್ನು ವಾಚ್ ಹಿಡಿಯುವುದಿಲ್ಲ. ‘ವಾಚಲ್ಲಿ ಎಲ್ಲ ಸರಿಯಿದೆ’ ಅಂತ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕಾಯುತ್ತ ಕೂರಬೇಡಿ.

ಕೊನೆಗೆ ಡಾಕ್ಟರ್. ಜಯದೇವ ಆಗಲಿ, ಮನೆ ಹತ್ತಿರದ ಕ್ಲಿನಿಕ್ ಆಗಲಿ, ಮೂರು ತಿಂಗಳ ಗ್ರಾಫ್ ತೋರಿಸಲು ಹೋಗಬೇಡಿ. ಉಳಿಸಿದ ಒಂದೆರಡು ಇಸಿಜಿ, ಆ ಎರಡು ಸಾಲು, ನುಂಗುವ ಮಾತ್ರೆಗಳ ಪಟ್ಟಿ ಸಾಕು. ಅವರು 12 ಲೀಡ್ ಇಸಿಜಿ ಮಾಡುತ್ತಾರೆ. ಅನುಮಾನ ಉಳಿದರೆ 24 ಗಂಟೆ ಹೋಲ್ಟರ್, ಅಂದರೆ ಬಡಿತವನ್ನು ಬಿಡದೆ ದಾಖಲಿಸುವ ಯಂತ್ರ, ಕಟ್ಟಬಹುದು. ನಾರ್ಮನ್ ಹೋಲ್ಟರ್ ಶುರುವಿನಲ್ಲಿ ಮಾಡಿದ ಯಂತ್ರ ಸುಮಾರು 38 ಕಿಲೋ ಇತ್ತು, ಬೆನ್ನಿಗೆ ಹೊರಬೇಕಿತ್ತು. ಈಗಿನದು ಅಂಗೈಯಷ್ಟೇ. ಆದರೆ ಅದು ಮೈಮೇಲೆ ಇರುವಷ್ಟು ಹೊತ್ತು ಸಾಮಾನ್ಯವಾಗಿ ಸ್ನಾನ ಮಾಡುವಂತಿಲ್ಲ. ಮನೆಯಲ್ಲೇ ಮುಗಿಸಿಕೊಂಡು ಹೋಗಿ.