ಒಣಗಿಸದೆ ಎತ್ತಿಡಬೇಡಿ: ಸೆಕ್ಸ್ ಆಟಿಕೆ, ಹಗ್ಗ, ಪಟ್ಟಿಗಳ ಶುಚಿ ಮತ್ತು ಜೋಪಾನ

ದಾವಣಗೆರೆಯಲ್ಲಿ ಬಹಳ ವರ್ಷ ಆಪರೇಷನ್ ಥಿಯೇಟರ್ ನರ್ಸ್ ಆಗಿದ್ದವಳು ನಾನು. ಕತ್ತರಿ, ಚಿಮಟ, ರಬ್ಬರ್ ನಳಿಕೆಗಳನ್ನು ತೊಳೆದು, ಒಣಗಿಸಿ, ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಯಂತ್ರಕ್ಕೆ ಹಾಕುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತಿತ್ತು. ಆಮೇಲೆ ಸ್ತ್ರೀರೋಗ ವಿಭಾಗದ ಹೊರರೋಗಿಗಳ ಕೋಣೆಗೆ ಬಂದೆ. ತುರಿಕೆ, ಉರಿಮೂತ್ರ, ಬಿಳಿಸೆರಗು ಎಂದು ಬರುವ ಹೆಣ್ಣುಮಕ್ಕಳಲ್ಲಿ ಕೆಲವರು ಬಾಗಿಲು ಮುಚ್ಚಿದ ಮೇಲೆ ಮೆಲ್ಲಗೆ ಕೇಳುತ್ತಿದ್ದರು: "ಸಿಸ್ಟರ್, ಆನ್‌ಲೈನ್‌ನಲ್ಲಿ ಒಂದು ತರಿಸಿದ್ದೇವೆ. ಅದನ್ನು ಹೇಗೆ ತೊಳೆಯಬೇಕು?"

ಕೇಳಿದವರಲ್ಲಿ ಬಹುಪಾಲು ಜನ ಸೋಪು ಹಾಕಿ ತೊಳೆದೇ ಇರುತ್ತಿದ್ದರು. ತೊಳೆದದ್ದನ್ನು ಒದ್ದೆಯಾಗಿಯೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬೀರುವಿನಲ್ಲಿ ಸೀರೆಗಳ ಅಡಿಗೆ ತುರುಕಿರುತ್ತಿದ್ದರು. ಅತ್ತೆ, ಮಾವ, ಮಕ್ಕಳು ಎಲ್ಲರೂ ಇರುವ ಮನೆಯಲ್ಲಿ ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ತೇವ, ಕತ್ತಲೆ, ಗಾಳಿಯಾಡದ ಕವರು, ಬೇಸಿಗೆಯಲ್ಲಿ 38 ಡಿಗ್ರಿ ದಾಟುವ ನಮ್ಮೂರಿನ ಸೆಕೆ ಇವೆಲ್ಲ ಒಂದೆಡೆ ಸೇರಿದರೆ ಬೂಷ್ಟಿಗೂ ಬ್ಯಾಕ್ಟೀರಿಯಾಗಳಿಗೂ ಬೇರೇನೂ ಬೇಕಿಲ್ಲ. ಈ ಬರಹದಲ್ಲಿ ನೀವು ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ, ಒಣಗಿಸುವುದನ್ನು ನೆನಪಿಟ್ಟುಕೊಳ್ಳಿ.

ತೊಳೆಯುವ ಮೊದಲು ವಸ್ತು ಯಾವುದರಿಂದ ಮಾಡಿದ್ದು ಎಂದು ತಿಳಿದುಕೊಳ್ಳಿ. ಸಿಲಿಕೋನ್, ಸ್ಟೀಲ್, ಬೋರೋಸಿಲಿಕೇಟ್ ಗಾಜು, ಗಟ್ಟಿ ಎಬಿಎಸ್ ಪ್ಲಾಸ್ಟಿಕ್ ಇವುಗಳ ಮೈಯಲ್ಲಿ ರಂಧ್ರಗಳಿಲ್ಲ. ಕೊಳೆ ಮೇಲೆಯೇ ನಿಲ್ಲುತ್ತದೆ, ತೊಳೆದರೆ ಹೋಗುತ್ತದೆ. ಟಿಪಿಇ, ಟಿಪಿಆರ್, ಜೆಲ್ಲಿ ರಬ್ಬರ್ ಎಂದು ಮಾರುವ ಮೆತ್ತನೆಯ ಆಟಿಕೆಗಳಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಅವನ್ನು ಎಷ್ಟು ಉಜ್ಜಿದರೂ ಒಳಗಿನದು ಪೂರ್ತಿ ಹೋಗುವುದಿಲ್ಲ. ಡಬ್ಬಿಯ ಮೇಲೆ ವಸ್ತುವಿನ ಹೆಸರೇ ಇಲ್ಲದಿದ್ದರೆ, ತೆಗೆದ ಕೂಡಲೇ ಘಾಟು ವಾಸನೆ ಬಂದರೆ, ಮೈ ಜಿಡ್ಡುಜಿಡ್ಡಾಗಿದ್ದರೆ, ರಂಧ್ರವಿರುವ ವಸ್ತು ಎಂದೇ ತಿಳಿದು ಕಾಂಡೋಮ್ ಹಾಕಿ ಬಳಸಿ. ಜನನಾಂಗಕ್ಕೆ ತಾಗುವ ಆಟಿಕೆಗಳ ವಿನ್ಯಾಸ ಮತ್ತು ಸುರಕ್ಷತೆಗಾಗಿ ಐಎಸ್‌ಒ 3533 ಎಂಬ ಅಂತರರಾಷ್ಟ್ರೀಯ ಮಾನದಂಡ 2021ರಲ್ಲಿ ಬಂದಿದೆ. ಅದರ ಉಲ್ಲೇಖ ಇರುವ ವಸ್ತು ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳಿ.

ದಿನದ ಶುಚಿಗೆ ಬೇಕಾದದ್ದು ಉಗುರುಬೆಚ್ಚನೆಯ ನೀರು ಮತ್ತು ವಾಸನೆ ಕಡಿಮೆ ಇರುವ ಸೌಮ್ಯ ಸೋಪು. ಮಕ್ಕಳಿಗೆ ಹಾಕುವ ದ್ರವ ಸೋಪು ಸಾಕು. ಮೊದಲು ಕೈ ತೊಳೆಯಿರಿ. ಬಳಸಿದ ಕೂಡಲೇ ಆಟಿಕೆಯನ್ನು ತೊಳೆದರೆ ಅರ್ಧ ಕೆಲಸ ಹಗುರ. ಒಣಗಿ ಅಂಟಿಕೊಂಡ ಮೇಲೆ ಕಷ್ಟ. ಅಚ್ಚಿನ ಗೆರೆ, ಗುಂಡಿಯ ಸುತ್ತಲಿನ ಸಣ್ಣ ಸಂದು, ಬುಡ ಸೇರುವ ಜಾಗ, ಈ ಮೂರನ್ನು ಹೊಸ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಬೆರಳಿಗೆ ನಯವಾಗಿಯೇ ತೋರುವ ಆ ಗೆರೆಯಲ್ಲಿ ಬ್ರಷ್ ಆಡಿಸಿ ನೋಡಿ, ಬಿಳಿ ಪೊರೆಯಂಥದ್ದು ಎದ್ದು ಬರುತ್ತದೆ. ಒಣಗಿದ ಜಾರುದ್ರವ (ಲೂಬ್ರಿಕಂಟ್) ಅದು. ಸೋಪಿನ ಜಾರು ಹೋಗುವವರೆಗೆ ನೀರು ಹಾಕಿ, ಉಳಿದ ಸೋಪೂ ಉರಿ ತರಿಸುತ್ತದೆ.

ನೀರಿನ ವಿಷಯವನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಲೇಬೇಕು. ಕುಂದವಾಡ ಕೆರೆಯ ನಲ್ಲಿನೀರು ಬರುವ ಮನೆಗಳಿಗೆ ಅಷ್ಟು ತಲೆನೋವಿಲ್ಲ. ಚಿತ್ರದುರ್ಗ, ಚಳ್ಳಕೆರೆ, ಜಗಳೂರು ಕಡೆಯ ಕೊಳವೆಬಾವಿ ನೀರು ಗಡಸು. ಅದು ಆರಿದರೆ ಬಿಳಿ ಉಪ್ಪು ಉಳಿಯುತ್ತದೆ. ಸಿಲಿಕೋನ್ ಮೇಲೆ ಅದು ಮರಳಿನಂತೆ ತಗಲುತ್ತದೆ, ಚಾರ್ಜ್ ಮಾಡುವ ಪಿನ್ನುಗಳ ಮೇಲೆ ಕೂತರೆ ಚಾರ್ಜೇ ಹಿಡಿಯುವುದಿಲ್ಲ. ಕೊನೆಯ ಜಾಲಾಡುವಿಕೆಗೆ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರನ್ನೇ ಎರಡು ಲೋಟ ಬಳಸಿ. ಆಗಲೇ ಉಪ್ಪು ಕಟ್ಟಿದ್ದರೆ ನಿಂಬೆರಸ ಬೆರೆಸಿದ ನೀರಿನಲ್ಲಿ ಒರೆಸಿ, ಮತ್ತೆ ತೊಳೆಯಿರಿ.

ಮೋಟಾರು, ಬ್ಯಾಟರಿ ಇಲ್ಲದ ಅಪ್ಪಟ ಸಿಲಿಕೋನ್ ಮತ್ತು ಸ್ಟೀಲ್ ಆಟಿಕೆಗಳನ್ನು ಕುದಿಸಬಹುದು. ಅದಕ್ಕೆಂದೇ ಒಂದು ಪಾತ್ರೆ ಇಟ್ಟುಕೊಳ್ಳಿ. ತಳದಲ್ಲಿ ಮಡಚಿದ ಹತ್ತಿ ಬಟ್ಟೆ ಹಾಕಿ, ಆಟಿಕೆ ಪಾತ್ರೆಯ ತಳಕ್ಕೆ ತಾಗಬಾರದು. ನೀರು ಚೆನ್ನಾಗಿ ಕುದಿ ಬಂದ ಮೇಲೆ 10 ನಿಮಿಷ. ನಂತರ ನೀರಿನಲ್ಲಿಯೇ ತಣಿಯಲು ಬಿಡಿ. ಗಾಜಿನದ್ದಕ್ಕೆ ಬಿಸಿ ಸೋಪುನೀರೇ ಸಾಕು. ಬಿಸಿ ಗಾಜಿನ ಮೇಲೆ ತಣ್ಣೀರು ಸುರಿದರೆ ಕಾಣದ ಬಿರುಕು ಬೀಳುತ್ತದೆ. ಪ್ರತಿ ಸಲವೂ ಗಾಜಿನ ಮೈ ಮೇಲೆ ಒಂದು ಹತ್ತಿ ಉಂಡೆಯನ್ನು ನಿಧಾನವಾಗಿ ಎಳೆಯಿರಿ. ಎಲ್ಲಾದರೂ ಒಂದೇ ಒಂದು ಎಳೆ ಸಿಕ್ಕಿಕೊಂಡರೂ ಅಲ್ಲಿ ಚಕ್ಕೆ ಎದ್ದಿದೆ ಎಂದರ್ಥ. ಆ ಗಾಜು ಮತ್ತೆ ಮೈಗೆ ತಾಗಬಾರದು.

ವೈಬ್ರೇಟರ್‌ಗಳನ್ನು ಕುದಿಸಬೇಡಿ. ಡಬ್ಬಿಯ ಮೇಲೆ ಐಪಿಎಕ್ಸ್7 ಎಂದಿದ್ದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಎಂದರ್ಥ. ನಲ್ಲಿಯ ಕೆಳಗೆ ಧೈರ್ಯವಾಗಿ ತೊಳೆಯಬಹುದು. ಐಪಿಎಕ್ಸ್4 ಎಂದಿದ್ದರೆ ಸಿಡಿಯುವ ನೀರನ್ನಷ್ಟೇ ತಡೆಯುತ್ತದೆ, ಮುಳುಗಿಸುವಂತಿಲ್ಲ. ಏನೂ ಬರೆದಿಲ್ಲದಿದ್ದರೆ ಸೋಪುನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಬರೀ ನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ.

ಈಗ ಡೆಟಾಲ್ ವಿಷಯ. ನಮ್ಮ ಮನೆಗಳಲ್ಲಿ ಸ್ವಚ್ಛ ಎಂದರೆ ಡೆಟಾಲ್ ವಾಸನೆ ಬರಬೇಕು ಎಂಬ ನಂಬಿಕೆ ಗಟ್ಟಿಯಾಗಿ ಕೂತಿದೆ. ದಯವಿಟ್ಟು ಒಳಗೆ ಹೋಗುವ ಆಟಿಕೆಗೆ ಅದನ್ನು ಹಚ್ಚಬೇಡಿ. ಯೋನಿಯ ಒಳಪೊರೆ ತೀರಾ ನವಿರು, ಉಳಿದ ದ್ರವ ಅಲ್ಲಿ ಉರಿ, ಕೆಂಪು, ತುರಿಕೆ ತರುತ್ತದೆ. ಆ ತುರಿಕೆಯನ್ನು ಸೋಂಕೆಂದು ತಿಳಿದು ಇನ್ನಷ್ಟು ಡೆಟಾಲ್ ಹಾಕಿದವರನ್ನು ನಾನು ನೋಡಿದ್ದೇನೆ. ಸ್ಪಿರಿಟ್ ರಬ್ಬರನ್ನೂ ತೊಗಲನ್ನೂ ಒಣಗಿಸಿ ಬಿರಿಯುವಂತೆ ಮಾಡುತ್ತದೆ. ಬ್ಲೀಚಿಂಗ್ ದ್ರವವನ್ನು ಕುದಿಸಲಾಗದ ಗಟ್ಟಿ ಪ್ಲಾಸ್ಟಿಕ್‌ಗೆ ಮಾತ್ರ ಬಳಸಬಹುದು: ಒಂದು ಪಾಲು ದ್ರವಕ್ಕೆ ಒಂಬತ್ತು ಪಾಲು ನೀರು, 10 ನಿಮಿಷ, ಆಮೇಲೆ ವಾಸನೆ ಪೂರ್ತಿ ಹೋಗುವಷ್ಟು ನೀರು. ಲೋಹಕ್ಕೆ ಬೇಡ, ತೂತುತೂತಾಗಿ ತಿನ್ನುತ್ತದೆ. ಮತ್ತು ಉಪ್ಪುಕಲೆ ತೆಗೆಯಲು ನಮ್ಮ ಕಡೆಯ ಬಚ್ಚಲುಗಳಲ್ಲಿ ಆಸಿಡ್ ಬಾಟಲಿ ಇದ್ದೇ ಇರುತ್ತದಲ್ಲ, ಅದರ ಹತ್ತಿರ ಬ್ಲೀಚ್ ತರಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ.

ಒಣಗಿಸಲು ಜಾಗವೆಲ್ಲಿ ಎಂದು ಕೇಳುತ್ತೀರಿ. ಮಾಳಿಗೆ ಬೇಕಿಲ್ಲ. ನಿಮ್ಮ ಕೋಣೆಯಲ್ಲೇ ಒಗೆದ ಟವೆಲ್ ಹಾಸಿ, ಆಟಿಕೆಯನ್ನು ಒರೆಸಿ ಅದರ ಮೇಲಿಟ್ಟು, ಚಿಲಕ ಹಾಕಿ ರಾತ್ರಿಯಿಡೀ ಫ್ಯಾನ್ ಓಡಲು ಬಿಡಿ. ಬೆಳಿಗ್ಗೆ ತಿರುಗಿಸಿ ಕೆಳಭಾಗ ಮುಟ್ಟಿ ನೋಡಿ. ಟೊಳ್ಳಾದ ಆಟಿಕೆಯ ಒಳಗೆ ಟಿಶ್ಯೂ ಸುರುಳಿ ತೂರಿಸಿ ತೆಗೆಯಿರಿ, ಅದು ಒಣಗಿಯೇ ಹೊರಬರಬೇಕು. ಆಷಾಢದ ಗಾಳಿಮಳೆಯ ದಿನಗಳಲ್ಲಿ ಇನ್ನೊಂದು ರಾತ್ರಿ ಕೊಡಿ.

ಗುದದ್ವಾರಕ್ಕೆ ಬಳಸಿದ್ದನ್ನು ತೊಳೆಯದೆ ಯೋನಿಗೆ ಬಳಸಬೇಡಿ. ಕರುಳಿನ ಬ್ಯಾಕ್ಟೀರಿಯಾ ಮೂತ್ರನಾಳಕ್ಕೆ ಸೇರಲು ಇಷ್ಟೇ ಸಾಕು. ನಡುವೆ ಕಾಂಡೋಮ್ ಬದಲಿಸಿ. ಇಬ್ಬರು ಒಂದೇ ಆಟಿಕೆ ಬಳಸುವಾಗಲೂ ಇದೇ ಕ್ರಮ. ಗರ್ಭಕೊರಳಿನ ಕ್ಯಾನ್ಸರ್ ತರಬಲ್ಲ ಎಚ್‌ಪಿವಿ ವೈರಸ್ ಬಹಳ ಹಟಮಾರಿ, ತೊಳೆದ ಮೇಲೂ ಆಟಿಕೆಯ ಮೇಲೆ ಉಳಿಯಬಲ್ಲದು. ಆದ್ದರಿಂದ ಹಂಚಿಕೊಳ್ಳುವವರಿಗೆ ಕಾಂಡೋಮ್‌ಗಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ. ಜಾರಲೆಂದು ಹಚ್ಚುವ ಕೊಬ್ಬರಿ ಎಣ್ಣೆ ಇದರಲ್ಲಿ ತೊಂದರೆ ಕೊಡುತ್ತದೆ. ಎಣ್ಣೆ ತಾಗಿದ ಲೇಟೆಕ್ಸ್ ಕಾಂಡೋಮ್ ಬಹುಬೇಗ ಹರಿಯುತ್ತದೆ, ಟಿಪಿಇ ಆಟಿಕೆ ಊದಿಕೊಳ್ಳುತ್ತದೆ. ಸಿಲಿಕೋನ್ ಜಾರುದ್ರವ ಸಿಲಿಕೋನ್ ಆಟಿಕೆಯ ಮೈಯನ್ನು ಕೆಡಿಸಬಹುದು. ನೀರು ಮೂಲದ ಜಾರುದ್ರವ ಎಲ್ಲದಕ್ಕೂ ಹೊಂದುತ್ತದೆ.

ಇನ್ನು ಕಾಮದಾಟದಲ್ಲಿ ಕೈಕಾಲು ಕಟ್ಟಲು ಬಳಸುವ ಸಾಮಾನು. ಹತ್ತಿಗಿರಣಿಗಳಿಂದ ಹೆಸರಾದ ಊರಿನವಳಾಗಿ ಹೇಳುತ್ತೇನೆ, ಮೈಗೆ ಹತ್ತಿ ಹಗ್ಗವೇ ವಾಸಿ. ಸಂತೆಯಲ್ಲಿ ಸಿಗುವ ಕತ್ತಾಳೆ ಹಗ್ಗ, ತೆಂಗಿನ ನಾರಿನ ಹಗ್ಗ ದನ ಕಟ್ಟಲು ಇರಲಿ, ಅವುಗಳ ಮುಳ್ಳೆಳೆ ಚರ್ಮ ಗೀರುತ್ತದೆ. ನೈಲಾನ್ ಜಾರುತ್ತದೆ, ರಭಸವಾಗಿ ಎಳೆದರೆ ಸುಡುತ್ತದೆ. ಹತ್ತಿ ಹಗ್ಗವನ್ನು ಸಡಿಲವಾಗಿ ಸುತ್ತಿ, ದಿಂಬಿನ ಹೊದಿಕೆಯೊಳಗೆ ಹಾಕಿ ಬಾಯಿ ಕಟ್ಟಿದರೆ ವಾಷಿಂಗ್ ಮೆಷಿನ್‌ನಲ್ಲಿ ಗೋಜಲಾಗುವುದಿಲ್ಲ. ಒಗೆದ ಮೇಲೆ ಉದ್ದಕ್ಕೆ ಬಿಚ್ಚಿ ನೆರಳಲ್ಲಿ ತೂಗುಹಾಕಿ. ಹಗ್ಗದ ಒಳತಿರುಳು ಆರಲು ಹೊರಮೈಗಿಂತ ಹೆಚ್ಚು ಹೊತ್ತು ಬೇಕು, ಮುಟ್ಟಿದರೆ ಒಣಗಿದಂತೆ ತೋರಿದರೂ ಒಂದು ದಿನ ಹೆಚ್ಚಿಗೆ ಬಿಡಿ. ಸೆಣಬಿನ ಹಗ್ಗವನ್ನು ನೆನೆಸಿದರೆ ಊದಿ ಬಲ ಕಳೆದುಕೊಳ್ಳುತ್ತದೆ; ಹಿಂಡಿದ ಬಟ್ಟೆಯಿಂದ ಒರೆಸಿ, ಎಳೆದು ಕಟ್ಟಿ ಆರಿಸಿ. ಅದಕ್ಕೆ ರಕ್ತವೋ ದೇಹದ ದ್ರವವೋ ಹತ್ತಿದರೆ ಬೇರೆಯವರಿಗೆ ಬಳಸಬೇಡಿ.

ಪ್ರತಿ ಬಾರಿ ಕಟ್ಟುವ ಮೊದಲು ಹಗ್ಗವನ್ನು ಬೆರಳುಗಳ ನಡುವೆ ಗೇಣುಗೇಣಾಗಿ ಎಳೆಯುತ್ತಾ ಹೋಗಿ. ಒಂದು ಕಡೆ ತೆಳ್ಳಗೆ ಸಿಕ್ಕರೆ, ಗಟ್ಟಿ ಗಂಟಿನಂತೆ ತಗುಲಿದರೆ, ಎಳೆ ಕಿತ್ತುಬಂದರೆ ಆ ಹಗ್ಗದ ಆಯುಸ್ಸು ಮುಗಿಯಿತು. ಕಟ್ಟಿದಾಗ ಹಗ್ಗಕ್ಕೂ ಮಣಿಕಟ್ಟಿಗೂ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಬೆರಳು ಜುಮ್ಮೆನ್ನುವುದು, ಮರಗಟ್ಟುವುದು, ತಣ್ಣಗಾಗುವುದು ಕಂಡ ಕ್ಷಣವೇ ಬಿಚ್ಚಿ. ಒತ್ತಿದ ನರ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾಗಬಹುದು. ಕುತ್ತಿಗೆಗೆ ಏನನ್ನೂ ಕಟ್ಟಬೇಡಿ. ಕಟ್ಟಿದವರನ್ನು ಒಂಟಿಯಾಗಿ ಬಿಟ್ಟು ಹೋಗಬೇಡಿ. ಬ್ಯಾಂಡೇಜ್ ಕತ್ತರಿ, ಅಂದರೆ ತುದಿ ಮೊಂಡಾಗಿರುವ, ಚರ್ಮಕ್ಕೆ ತಾಗಿದರೂ ಚುಚ್ಚದ ಕತ್ತರಿ, ಔಷಧ ಸಾಮಗ್ರಿ ಅಂಗಡಿಯಲ್ಲಿ ಸಿಗುತ್ತದೆ. ಅದು ಕೈಗೆಟಕುವಲ್ಲಿ ಇರಲಿ. ಬಳಸುವ ಹಗ್ಗದ ಒಂದು ತುಂಡನ್ನು ಅದು ಕತ್ತರಿಸುತ್ತದೆಯೇ ಎಂದು ಮೊದಲೇ ನೋಡಿಟ್ಟುಕೊಳ್ಳಿ.

ತೊಗಲಿನ ಪಟ್ಟಿಗಳನ್ನು ನೀರಿನಲ್ಲಿ ಅದ್ದಬೇಡಿ, ಬಿಸಿಲಿಗೂ ಇಡಬೇಡಿ. ಹಿಂಡಿದ ಬಟ್ಟೆಯಿಂದ ಬೆವರು ಒರೆಸಿ, ನೆರಳಲ್ಲಿ ಆರಿಸಿ, ಆಗಾಗ ತೊಗಲಿನ ಕ್ರೀಮ್ ತೆಳುವಾಗಿ ಹಚ್ಚಿ. ಬೂಷ್ಟು ಬಂದಿದ್ದರೆ ಮನೆಯ ಹೊರಗೆ ಒಣ ಬ್ರಷ್‌ನಿಂದ ಉದುರಿಸಿ, ಸಮಪಾಲು ಸ್ಪಿರಿಟ್ ಮತ್ತು ನೀರಿನಲ್ಲಿ ಒಮ್ಮೆ ಒರೆಸಿ, ಚೆನ್ನಾಗಿ ಆರಿದ ಮೇಲೆ ಕ್ರೀಮ್ ಹಚ್ಚಿ. ತೊಗಲು ಪೂರ್ತಿ ಕ್ರಿಮಿಮುಕ್ತವಾಗುವ ವಸ್ತುವಲ್ಲ, ಹಾಗಾಗಿ ಒಬ್ಬರದು ಒಬ್ಬರಿಗೇ ಇರಲಿ. ವೆಲ್‌ಕ್ರೋ ಇರುವ ಬಟ್ಟೆ ಪಟ್ಟಿಯನ್ನು ಮುಚ್ಚಿ ಒಗೆಯಿರಿ, ತೆರೆದಿದ್ದರೆ ನೂಲು ಸಿಕ್ಕಿ ಹಿಡಿತ ಹೋಗುತ್ತದೆ. ಕಣ್ಣುಪಟ್ಟಿಯನ್ನು ಪ್ರತಿ ಬಳಕೆಯ ನಂತರ ಒಗೆಯಬೇಕು, ಕೆಂಗಣ್ಣು ಬಂದ ದಿನಗಳಲ್ಲಿ ಮುಟ್ಟಲೇಬಾರದು. ಲೋಹದ ಕೈಕೋಳ ತೊಳೆದ ಮೇಲೆ ಬಟ್ಟೆಯಿಂದ ಒರೆಸಿ ಬೀಗದ ತೂತಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ, ಮಿಕ್ಕದ್ದನ್ನು ಒರೆಸಿ ತೆಗೆಯಿರಿ. ಬೀಗದ ಕೈ ಎರಡಿರಬೇಕು. ಹಾಕುವ ಮೊದಲು ಎರಡೂ ತೆರೆಯುತ್ತವೆಯೇ ನೋಡಿ.

ಎತ್ತಿಡುವಾಗ ಒಂದೊಂದಕ್ಕೆ ಒಂದೊಂದು ಹತ್ತಿ ಚೀಲ ಮಾಡಿ. ಹಳೆಯ ಪಂಚೆಯಲ್ಲಿ ಹೊಲಿದರೂ ಆಯಿತು. ಸಿಲಿಕೋನ್ ಮತ್ತು ಜೆಲ್ಲಿ ಆಟಿಕೆ ಒಂದಕ್ಕೊಂದು ತಾಗಿದ್ದರೆ ಅಂಟಿ ಕರಗಿದಂತಾಗುತ್ತವೆ. ಟಿಪಿಇ ಆಟಿಕೆ ಅಂಟಂಟಾಗಿದ್ದರೆ ಕಾರ್ನ್‌ಫ್ಲೋರ್ ತೆಳುವಾಗಿ ಸವರಿ. ಮೆಕ್ಕೆಜೋಳದ ನಾಡು ನಮ್ಮದು, ಆದರೆ ರೊಟ್ಟಿಗೆ ಬೀಸಿದ ಹಿಟ್ಟು ಬೇಡ, ಬೆಳ್ಳಗಿನ ನಯವಾದ ಪಿಷ್ಟವೇ ಬೇಕು. ಬಳಸುವ ಮೊದಲು ತೊಳೆದುಬಿಡಿ. ಟಾಲ್ಕಂ ಪೌಡರ್ ಹಾಕಬೇಡಿ. ಟಾಲ್ಕನ್ನು 2024ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಬಿಡಿ ಬ್ಯಾಟರಿಗಳನ್ನು ತೆಗೆದಿಡಿ. ಚಾರ್ಜ್ ಆಗುವಂಥವನ್ನು ಪಿನ್ನು ಪೂರ್ತಿ ಒಣಗಿದ ಮೇಲೆ, ಎಚ್ಚರವಿದ್ದಾಗ, ಹಾಸಿಗೆಯ ಮೇಲಲ್ಲದೆ ಮೇಜಿನ ಮೇಲೆ ಚಾರ್ಜ್ ಮಾಡಿ. ಮಕ್ಕಳಿರುವ ಮನೆಯಲ್ಲಿ ಬೀಗವಿರುವ ಪೆಟ್ಟಿಗೆ ಬೇಕು. ಹತ್ತಿ ಚೀಲಕ್ಕೆ ಗಾಳಿಯಾಡುವಂತೆ ಪೆಟ್ಟಿಗೆಯನ್ನು ಆಗಾಗ ತೆರೆದಿಡಿ.

ಇಷ್ಟೆಲ್ಲ ಮಾಡಿಯೂ ತುರಿಕೆ, ಕೆಟ್ಟ ವಾಸನೆಯ ಸ್ರಾವ, ಉರಿಮೂತ್ರ ಬಂದರೆ ಆಟಿಕೆಯನ್ನು ಪಕ್ಕಕ್ಕಿಟ್ಟು ವೈದ್ಯರ ಬಳಿ ಹೋಗಿ. ಆಟಿಕೆ ಬಳಸಿದ್ದನ್ನು ಅವರಿಗೆ ಹೇಳಿ, ಚಿಕಿತ್ಸೆಗೆ ಅದರಿಂದ ದಾರಿ ಸುಲಭವಾಗುತ್ತದೆ. ಚಿಕಿತ್ಸೆ ಮುಗಿದ ಮೇಲೆ ರಂಧ್ರವಿರುವ ಆಟಿಕೆಯನ್ನು ಎಸೆದುಬಿಡಿ, ಕುದಿಸಬಹುದಾದದ್ದನ್ನು ಕುದಿಸಿ.

ಎಸೆಯುವುದಕ್ಕೂ ಕ್ರಮವಿದೆ. ನಮ್ಮ ಕಸವನ್ನು ಬೆಳಿಗ್ಗೆ ಬರುವ ಪೌರಕಾರ್ಮಿಕರು ಎಷ್ಟೋ ಸಲ ಬರಿಗೈಯಲ್ಲಿ ಬೇರ್ಪಡಿಸುತ್ತಾರೆ. ಅವರಿಗಾಗಿ ಆಟಿಕೆಯನ್ನು ಸೋಪು ಹಾಕಿ ತೊಳೆದು, ಒಡೆದ ಗಾಜಾದರೆ ದಪ್ಪ ಕಾಗದದಲ್ಲಿ ಸುತ್ತಿ ಮೇಲೆ "ಗಾಜು" ಎಂದು ಬರೆದು, ಒಣಕಸಕ್ಕೆ ಕೊಡಿ. ಮೋಟಾರು ಮತ್ತು ಬ್ಯಾಟರಿ ಇರುವುದು ಇ-ತ್ಯಾಜ್ಯಕ್ಕೆ ಹೋಗಬೇಕು.