ಮನೆ ಕೊಳಕ್ಕೆ ಏನು ಬಿಡುತ್ತೇನೆ, ಏನು ಬಿಡುವುದಿಲ್ಲ: ಕೊಡಗಿನಲ್ಲಿ ನನ್ನ ಅನುಭವ

ಹೋಂಸ್ಟೇಗಳಿಗೆ, ತೋಟದ ಮನೆಗಳಿಗೆ ಕೊಳ ಮಾಡಿಕೊಡುವುದು ನನ್ನ ಕೆಲಸ. ಮಡಿಕೇರಿ, ನಾಪೋಕ್ಲು, ವಿರಾಜಪೇಟೆ ಕಡೆ ಜಾಸ್ತಿ. ನೀರು ನಿಂತ ಕೂಡಲೇ ಹೆಚ್ಚಿನವರು ಕೇಳುವುದು ವಾಟರ್ ಹಯಸಿಂತ್, ನೀರ ಮೇಲೆ ತೇಲಿ ಹಬ್ಬುವ ಹೊರದೇಶದ ಗಿಡ. ನೇರಳೆ ಹೂ, ನೋಡೋಕೆ ಚೆಂದ, ಪುಕ್ಕಟೆ ಸಿಗುತ್ತದೆ. ನಾನು ಮಾತ್ರ ಹಾಕಿಕೊಡುವುದಿಲ್ಲ.

ನಾಪೋಕ್ಲು ಹತ್ತಿರ ಹೋಂಸ್ಟೇ ನಡೆಸುವ ಅಕ್ಕ ಒಬ್ಬರು, "ನಮ್ಮ ತೋಟ, ನಮ್ಮ ಕೊಳ. ಯಾರಣ್ಣ ಕೇಳೋರು?" ಅಂದರು. ಕೇಳೋಕೆ ಕಾನೂನು ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಹೊಸದಾಗಿ ಸೇರಿದ 62ಎ ಸೆಕ್ಷನ್ ಪ್ರಕಾರ, ನಮ್ಮ ವನ್ಯಜೀವಿಗಳಿಗೆ ಕಂಟಕವಾಗುವ ಹೊರದೇಶದ ಗಿಡಗಳನ್ನು ತರಿಸುವುದು, ಮಾರುವುದು, ಇಟ್ಟುಕೊಳ್ಳುವುದು, ಹಬ್ಬಿಸುವುದು ಇಷ್ಟನ್ನೂ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ತಡೆಯಬಹುದು. ಅಂದರೆ ಅಂಥ ಅಧಿಸೂಚನೆ ಬಂದರೆ ಮನೆ ಕೊಳವೂ ಲೆಕ್ಕಕ್ಕೆ ಬರಬಹುದು. ರಾಜ್ಯದಲ್ಲಿ 1968ರ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆ ಬೇರೆ ಇದೆ. 1975ರಲ್ಲಿ ಪಾರ್ಥೇನಿಯಂ ಅನ್ನು ಅಪಾಯಕಾರಿ ಕಳೆ ಅಂತ ಘೋಷಿಸಿದ್ದು ಅದರ ಅಡಿಯಲ್ಲೇ. ಯುರೋಪ್ ಒಕ್ಕೂಟದಲ್ಲಂತೂ 2016ರಿಂದ ವಾಟರ್ ಹಯಸಿಂತ್ ಮಾರುವುದೂ ತಪ್ಪು, ಬೆಳೆಸುವುದೂ ತಪ್ಪು. ಹಾಗಾಗಿ ಹೊಸ ಗಿಡ ತರುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸುತ್ತೇನೆ.

ಅಧಿಸೂಚನೆ ಬರಲಿ ಅಂತ ಕಾಯುವ ಊರು ನಮ್ಮದಲ್ಲ. ಜುಲೈ ಮಳೆಗೆ ತುಂಬದ ಕೊಳ ಕೊಡಗಿನಲ್ಲಿ ಯಾವುದಿದೆ ಹೇಳಿ? ಉಕ್ಕಿದ ನೀರು ಗದ್ದೆಗೆ, ಗದ್ದೆಯಿಂದ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ತೋಡಿಂದ ಕಾವೇರಿಗೆ. ವಾಟರ್ ಹಯಸಿಂತಿನ ದಂಟು ಸೀಳಿ ನೋಡಿ, ಒಳಗೆಲ್ಲ ಸ್ಪಂಜಿನ ಹಾಗೆ ಗಾಳಿ. ಮುಳುಗುವ ಮಾತೇ ಇಲ್ಲ. ಬೆಚ್ಚಗಿನ ನೀರು ಸಿಕ್ಕರೆ ಎರಡು ವಾರದಲ್ಲಿ ಎರಡರಷ್ಟಾಗುತ್ತದೆ. ಕಾಫಿ ಹೂ ಬಿಡಲು ಬೇಕಾದ ಹೂಮಳೆ ಬಾರದ ವರ್ಷ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಲು ಕೆರೆಗೆ ಪಂಪ್ ಇಳಿಸಿದರೆ, ಈ ಗಿಡದ ಬೇರುಗಳು ಪೈಪಿನ ತುದಿಯ ಫುಟ್‌ವಾಲ್ವ್‌ಗೆ ಸುತ್ತಿಕೊಳ್ಳುತ್ತವೆ.

ಇದಕ್ಕಿಂತ ಕಳ್ಳ ಗಿಡ ಸಾಲ್ವಿನಿಯಾ, ನೀರ ಮೇಲೆ ತೇಲುವ ಸಣ್ಣ ಜರಿಗಿಡ. ಯಾರೂ ದುಡ್ಡು ಕೊಟ್ಟು ತರುವುದಿಲ್ಲ, ತಾವರೆ ಕುಂಡದ ಜೊತೆ ತಾನೇ ಬರುತ್ತದೆ. ಬೀಜವಿಲ್ಲ, ಚೂರು ಸಾಕು. ಅದಕ್ಕೇ ನರ್ಸರಿಯಿಂದ ಬಂದ ಗಿಡವನ್ನು ನೇರ ಕೊಳಕ್ಕೆ ಬಿಡುವುದಿಲ್ಲ. ಮಣ್ಣು ಪೂರ್ತಿ ಬಿಡಿಸಿ, ಗೆಡ್ಡೆಯನ್ನು ಬಕೆಟ್ಟಿನಲ್ಲಿ ಬೆರಳಿಂದ ಉಜ್ಜಿ ತೊಳೆಯುತ್ತೇನೆ. ಬೇರಿನ ಸಂದಿಯಲ್ಲಿ ಬೆರಳ ಉಗುರಿನಷ್ಟು ಹಸಿರು ಎಲೆ ಅಂಟಿಕೊಂಡಿರುತ್ತದೆ. ಮೇಲೆ ಸಣ್ಣ ಬಿಳಿ ರೋಮ ಕಂಡರೆ ಅದೇ. ತೊಳೆದ ನೀರನ್ನು ತೋಡಿಗೆ ದೂರವಾಗಿ ಕಾಫಿ ಬುಡಕ್ಕೆ ಸುರಿಯುತ್ತೇನೆ. ಆಮೇಲೂ ಗಿಡ ಕೆಲವು ವಾರ ಬೇರೆ ತೊಟ್ಟಿಯಲ್ಲಿರಬೇಕು. ಗ್ರಾಹಕರಿಗೆ ಅವಸರ, ಆದರೂ ಬಿಡುವುದಿಲ್ಲ.

ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ, ನೀರೊಳಗೆ ಬೆಳೆಯುವ ಕಬೊಂಬಾ ಗಿಡ ಕೂಡ ಬೇಡ. 2020ರಲ್ಲಿ ಕೇರಳದ ಕೋಝಿಕ್ಕೋಡಿನ ಆವಳಪಾಂಡಿಯಲ್ಲಿ ತೋಡಿಗೆ ತೋಡೇ ಗುಲಾಬಿಯಾಗಿತ್ತು. ಜನ ನೋಡೋಕೆ ಮುಗಿಬಿದ್ದರು. ಆ ಹೂವಿನದು ಇದೇ ಜಾತಿ.

ನಾಪೋಕ್ಲು ಅಕ್ಕನ ಕೊಳಕ್ಕೆ ನೀಲಿ ನೈದಿಲೆ ಕೊಟ್ಟೆ. ಅಂಚಿಗೆ ಬಜೆ, ನೀರುಬ್ರಾಹ್ಮಿ. ನೀರು ಹೊರಹೋಗುವ ಬಾಯಿಗೆ ಎರಡು ಪದರ ಸಣ್ಣ ಕಣ್ಣಿನ ಜಾಲರಿ. ಮಳೆಗಾಲದಲ್ಲಿ ದಿನಾ ಕಸ ತೆಗೆಯದಿದ್ದರೆ ಅದು ಕಟ್ಟಿಕೊಂಡು ನೀರು ಉಕ್ಕಿ ಮೇಲಿಂದಲೇ ಹರಿದುಹೋಗುತ್ತದೆ.

ನಿಮ್ಮ ಕೊಳದಲ್ಲಿ ಈಗಾಗಲೇ ವಾಟರ್ ಹಯಸಿಂತ್ ಇದ್ದರೆ ಬೇಸಿಗೆಯಲ್ಲಿ, ನೀರು ಇಳಿದಾಗ, ಹೂವಾಗುವ ಮುಂಚೆ ತೆಗೆಯಿರಿ. ಕೊಳದ ಏರಿ ಮೇಲೆ ಗುಡ್ಡೆ ಹಾಕಬೇಡಿ, ಮೊದಲ ಮಳೆಗೇ ಜಾರಿ ವಾಪಸ್ ಬರುತ್ತದೆ. ನೀರಿನಿಂದ ದೂರ ಟಾರ್ಪಾಲಿನ ಮೇಲೆ ಬೇರು ಗರಿಗರಿಯಾಗುವವರೆಗೆ ಒಣಗಿಸಿ, ಆಮೇಲೆ ಗೊಬ್ಬರದ ಗುಂಡಿಗೆ. ಬೀಜ ಕೆಸರಿನಲ್ಲಿ ಹತ್ತಾರು ವರ್ಷ ಬದುಕಿರುತ್ತದೆ. ಹಾಗಾಗಿ ಪ್ರತಿ ಬೇಸಿಗೆಯಲ್ಲೂ ಅಂಚಿನ ಕೆಸರಲ್ಲಿ ಎಳೆ ಸಸಿ ಹುಡುಕಿ ಕೀಳುತ್ತಿರಬೇಕು.